ಸುಮ್ಮನಿದ್ದರೆ ದಾರಿ ಖಾಲಿ

ನಾನು ಒಂದು ವಾಕಿಟಾಕಿ. ನನ್ನ ಬೆನ್ನ ಮೇಲೆ ಬಿಳಿ ಬಣ್ಣದಲ್ಲಿ 7 ಎಂದು ಬರೆದಿದ್ದರು. ಮೇಲಿನ ಅಡ್ಡಗೆರೆ ಕೈಬೆವರಿಗೆ ಅಳಿಸಿ ಈಗ ಅದು 1 ಎಂದು ಕಾಣುತ್ತದೆ. ನೋಡಿದವರು ನನ್ನನ್ನು ಒಂದನೇ ನಂಬರಿನವನೆಂದು ತಿಳಿದರೆ ತಿಳಿಯಲಿ, ನಾನೇನೂ ತಿದ್ದಲಾರೆ. ಮಾತಾಡುವುದೇ ಕಸುಬಾಗಿದ್ದ ನನಗೆ ಮಾತು ನಿಂತು ಬಹಳ ಕಾಲವಾಯಿತು.

ಹುಟ್ಟಿದ್ದು ಸಮುದ್ರದಾಚೆ, ಕಿಟಕಿಯೇ ಇಲ್ಲದ ಒಂದು ದೊಡ್ಡ ಷೆಡ್ಡಿನಲ್ಲಿ. ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಕೂತಿದ್ದರು. ಒಬ್ಬಳು ನನಗೆ ಕಿವಿ ಕೂರಿಸಿದಳು, ಇನ್ನೊಬ್ಬಳು ಬಾಯಿ, ಮತ್ತೊಬ್ಬಳು ಪಕ್ಕೆಗೆ ಒತ್ತುವ ಗುಂಡಿ. ಆ ಗುಂಡಿ ಒತ್ತಿದರೆ ಮಾತು ಹೊರಡಬೇಕು, ಬಿಟ್ಟರೆ ಕೇಳಬೇಕು. ಎರಡೂ ಒಟ್ಟಿಗೆ ಆಗದು. ಮನುಷ್ಯರಿಗೂ ಇಂಥದೊಂದು ಗುಂಡಿ ಇದ್ದಿದ್ದರೆ ಎಷ್ಟೋ ಜಗಳ ಕಡಿಮೆಯಾಗುತ್ತಿತ್ತು ಎಂದು ಆಮೇಲೆ ಗಣಿಗೆ ಬಂದ ಮೇಲೆ ಅನ್ನಿಸಿದೆ.

ಗಣಿ ಎಂದರೆ ಕೆಂಗಲ್ ಗುಡ್ಡದ ಅದಿರಿನ ಗಣಿ, ಬಳ್ಳಾರಿ ಸೀಮೆಯದು. ಅಲ್ಲಿ ಗುಡ್ಡ ಕೆಂಪು, ರಸ್ತೆ ಕೆಂಪು, ನಾಯಿ ಕೆಂಪು, ಒಗೆದು ಹಾಕಿದ ಬಿಳಿ ಪಂಚೆಯೂ ಸಂಜೆಯ ಹೊತ್ತಿಗೆ ಕೆಂಪು. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನಾನೂ ನನ್ನ ಅಣ್ಣತಮ್ಮಂದಿರೂ ಬಂದಿಳಿದೆವು. ನಮ್ಮನ್ನು ತಂದವನು ಹೊಸಪೇಟೆಯಲ್ಲಿ ರೇಡಿಯೋ ಅಂಗಡಿ ಇಟ್ಟುಕೊಂಡಿದ್ದ ಖಾಜಾಸಾಬ. ಮೆಲ್ಲಗಿನ ಮನುಷ್ಯ. ಯಾರು ಏನು ಹೇಳಿದರೂ "ಸರಿ" ಎನ್ನುವುದು ಅವನ ಸ್ವಭಾವ. ಈ ಸ್ವಭಾವದ ಮಾತು ಮುಂದೆ ಬರುತ್ತದೆ.

ನಮ್ಮ ಬದುಕಿನ ಒಂದು ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಗಾಳಿಯಲ್ಲಿ ನಮಗೆಲ್ಲ ಸೇರಿ ಇದ್ದದ್ದು ಒಂದೇ ದಾರಿ. ಬೀದಿಗೊಂದೇ ನಲ್ಲಿ ಇದ್ದ ಹಾಗೆ. ಒಬ್ಬರ ಕೊಡ ಕೆಳಗಿದ್ದಾಗ ಇನ್ನೊಬ್ಬರು ಹಿಡಿಯಲಾಗದು. ಗುಡ್ಡದ ನೆತ್ತಿಯ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಯಾರ ಕೊಡ ಮೊದಲು, ಯಾರದು ಆಮೇಲೆ ಎಂಬುದನ್ನು ಅದೇ ತೀರ್ಮಾನಿಸುತ್ತಿತ್ತು. ಮೇಲಿನ ಸರದಿಯವನು ಗುಂಡಿ ಒತ್ತಿದರೆ ಕೆಳಗಿನ ಸರದಿಯವನ ಮಾತು ಅರ್ಧಕ್ಕೇ ಕತ್ತರಿಸಿ ಬೀಳುತ್ತಿತ್ತು. ಮೇಲಿನವನು ಮಾತಾಡುತ್ತಿರುವಾಗ ಕೆಳಗಿನವನು ಒತ್ತಿದರೆ ನಮ್ಮೊಳಗಿಂದ "ಟೊಂಯ್" ಎಂದು ಒಂದು ಸದ್ದು ಬರುತ್ತಿತ್ತು, ಅಷ್ಟೇ. ಮಾತು ಹೊರಗೆ ಬೀಳುತ್ತಿರಲಿಲ್ಲ.

ಆ ಸರದಿಯನ್ನು ಮೊದಲು ಕಟ್ಟಿಸಿದವರು ಡೇನಿಯಲ್ ಸಾಹೇಬರು, ಆಗಿನ ಮ್ಯಾನೇಜರು. ಕೋಲಾರದ ಚಿನ್ನದ ಗಣಿಯಲ್ಲಿ ನೆಲದೊಳಗೇ ಕೂದಲು ನರೆತವರು. ಖಾಜಾಸಾಬ ಲೋಕಾರೂಢಿಯಂತೆ "ಧಣೇರ್ದು ಮೊದಲು, ನಿಮ್ದು ಎರಡನೇದು" ಎಂದು ಶುರುಮಾಡಿದ. ಸಾಹೇಬರು ತಲೆ ಅಲ್ಲಾಡಿಸಿದರು.

"ನಾನು ಒಂದು ಗಂಟೆ ಬಿಟ್ಟು ಮಾತಾಡಿದ್ರೂ ಯಾರೂ ಸಾಯಲ್ಲ. ರಸ್ತೆಗೆ ಕಾವಲು ನಿಲ್ತಾರಲ್ಲ, ಅವರಿಗೆ ಮೊದಲ ಸರದಿ ಕೊಡು. ಆಮೇಲೆ ಮದ್ದು ಹೊಡೆಯೋನು. ಆಮೇಲೆ ಆಂಬುಲೆನ್ಸು. ಕಟ್ಟಕಡೆಗೆ ಧಣಿ, ಅವರ ಹಿಂದೆ ನಾನು."

"ಸರಿ ಸಾರ್" ಎಂದ ಖಾಜಾಸಾಬ.

ಹೀಗೆ ಏಳನೇ ನಂಬರಿನ ನಾನು ಮೊದಲ ಸರದಿಯವನಾಗಿ ಹುಲಿಗೆಮ್ಮನ ಕೈಗೆ ಬಂದೆ.

ಹುಲಿಗೆಮ್ಮ ಕೂಲಿಯವರ ಕಾಲನಿ ಕಡೆಯ ದಾರಿಯ ಕಾವಲಿನವಳು. ಗಂಡ ಲಾರಿಯ ಜೊತೆ ಊರೂರು ತಿರುಗುವವನು. ಬಂದರೆ ಬಂದ, ಬಾರದಿದ್ದರೆ ಅವಳು ಕೇಳಿದವಳೂ ಅಲ್ಲ. ಸೀರೆಯ ಮೇಲೊಂದು ಹಸಿರು ಜಾಕೀಟು, ತುರುಬಿನ ಮೇಲೆ ಕೂರದೆ ಜಾರುವ ಹೆಲ್ಮೆಟ್ಟು, ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ನಾನು. ಬಂದ ದಿನವೇ ತನ್ನ ಹಣೆಯ ಟಿಕಳಿಯನ್ನು ಕಿತ್ತು ನನ್ನ ಗುಂಡಿಗೆ ಅಂಟಿಸಿದಳು. ಕೈಗವಸಿನೊಳಗಿನ ಹೆಬ್ಬೆರಳಿಗೆ ಗುಂಡಿ ತಡಕದೆ ಸಿಗಬೇಕು ಎಂದು. ಟಿಕಳಿ ಸವೆದಾಗ ಹೊಸದು ಅಂಟಿಸುತ್ತಿದ್ದಳು. ಆಯುಧಪೂಜೆಗೆ ಡಂಪರುಗಳಿಗೆ ಬಾಳೆಕಂದು ಕಟ್ಟಿದರೆ ನನಗೆ ಕುಂಕುಮ ಹಚ್ಚಿ ಕರಿದಾರ ಸುತ್ತಿದಳು. ಅಣ್ಣತಮ್ಮಂದಿರಲ್ಲಿ ಪೂಜೆ ಮಾಡಿಸಿಕೊಂಡವನು ನಾನೊಬ್ಬನೇ, ಸುಳ್ಳೇಕೆ ಹೇಳಲಿ, ಹೆಮ್ಮೆಯಾಯಿತು.

ಅವಳ ಕೆಲಸ ನೋಡಿದರೆ ಏನೂ ಅಲ್ಲ. ಬಂಡೆ ಸಿಡಿಸಲು ಮದ್ದು ಹೊಡೆಯುವ ಮುಂಚೆ ಸೈರನ್ ಕೂಗುತ್ತದೆ. ಆಗ ಕಾಲನಿಯಿಂದ ಬರುವ ದಾರಿಗೆ ಅಡ್ಡನಿಂತು ಯಾರನ್ನೂ ಬಿಡಬಾರದು. ದಾರಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಮೂಲಕ ಹೇಳಬೇಕು. ಮದ್ದು ಹೊಡೆಯುವವನು ಹೊನ್ನೂರಪ್ಪ, ಗೊಗ್ಗರು ದನಿಯ ಮನುಷ್ಯ. ಅವನು ಒಂದೊಂದೇ ಕಾವಲನ್ನು ಹೆಸರು ಹಿಡಿದು ಕೇಳುತ್ತಿದ್ದ.

"ಟ್ಯಾಂಕ್ ಕಡೆ?"

"ದಾರಿ ಖಾಲಿ."

"ಗುಡಿ ಕಡೆ?"

"ದಾರಿ ಖಾಲಿ."

"ಕಾಲನಿ ಕಡೆ? ಹುಲಿಗೆವ್ವ, ಎದ್ದಿದ್ಯೋ ಮಲಗಿದ್ಯೋ?"

"ನೀ ಎಬ್ಬಿಸ್ತೀ ಅಂತ ಮಲಗಿದ್ದೆ ಅಣ್ಣ. ದಾರಿ ಖಾಲಿ ಐತಿ."

ಮೂರೂ ಕಡೆಯಿಂದ ಉತ್ತರ ಬಂದ ಮೇಲೆಯೇ ಹೊನ್ನೂರಪ್ಪ ಮದ್ದಿನ ಗುಂಡಿ ಒತ್ತುತ್ತಿದ್ದ. ಗುಡ್ಡ ಒಮ್ಮೆ ಮೈಮುರಿದು, ಕೆಂಪು ಧೂಳೆದ್ದು, ಕಲ್ಲುಗಳು ಉರುಳುತ್ತಿದ್ದವು. ಒಮ್ಮೆ ಒಬ್ಬ ಕಾವಲಿನವನ ಉತ್ತರ ಬಾರದಿದ್ದಾಗ ಹೊನ್ನೂರಪ್ಪ ಬೇಸತ್ತು, "ಏನೂ ಅನ್ನವಲ್ಲ, ಖಾಲೀನ ಇರ್ಬೇಕು" ಎಂದ. ಡೇನಿಯಲ್ ಸಾಹೇಬರು ಆಫೀಸಿನಿಂದ ಎದ್ದುಬಂದು ಎಲ್ಲರ ಎದುರಿಗೆ ಗದರಿದರು. "ಸುಮ್ಮನಿರೋದು ಉತ್ತರ ಅಲ್ಲ. ಸುಮ್ಮನಿರೋನು ಸತ್ತಿರಬಹುದು" ಎಂದರು. ಹೊನ್ನೂರಪ್ಪ ತಲೆ ತಗ್ಗಿಸಿ ಕಾದ.

ಈ ಕೂಗಾಟಕ್ಕೆಲ್ಲ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಸೈರನ್ ಕೂಗಿದ ಮೇಲೆ ಒಂದು ಬೀಡಿ ಸೇದಿ ಮುಗಿಸುವಷ್ಟು ಪುರಸೊತ್ತು ಸಿಗುತ್ತದೆ ಎಂದು ಗಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು ಬುತ್ತಿ ಗಾದಿಲಿಂಗನಿಗೆ.

ಗಾದಿಲಿಂಗ ಕಾಲನಿಯಿಂದ ಗಣಿಗೆ ಊಟದ ಬುತ್ತಿಗಳನ್ನು ಮೊಪೆಡ್ಡಿನಲ್ಲಿ ಸಾಗಿಸುವವನು. ಎರಡೂ ಕಡೆ ಡಬ್ಬಿಗಳು ಜೋತಾಡುತ್ತಿದ್ದವು, ಅವನು ಬರುವುದು ಕಾಣುವ ಮೊದಲು ಕೇಳುತ್ತಿತ್ತು. ಮೀಸೆ ನರೆತರೂ ಹುಡುಗಾಟ ಬಿಟ್ಟವನಲ್ಲ. ಹುಲಿಗೆಮ್ಮನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. ಅವನ ಹೆಂಡತಿ ಸುಂಕಮ್ಮನೂ ಹುಲಿಗೆಮ್ಮನೂ ನೀರಿಗೆ ಹೋದರೆ ಜೊತೆ, ಸಂತೆಗೆ ಹೋದರೆ ಜೊತೆ. ಒಬ್ಬಳ ಮನೆಯಲ್ಲಿ ಸಾರು ಕುದ್ದರೆ ಇನ್ನೊಬ್ಬಳ ಮನೆಯ ಬಟ್ಟಲು ತಾನಾಗಿ ಬರುತ್ತಿತ್ತು. ಗಾದಿಲಿಂಗ ಕಾವಲಿನ ಬಳಿ ಮೊಪೆಡ್ಡು ನಿಲ್ಲಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಪೊಟ್ಟಣ ಕೊಡುತ್ತಿದ್ದ.

"ತಿನ್ನವ್ವ ಕಾವಲುಗಾರ್ತಿ. ನಿಮ್ಮಕ್ಕ ಕೊಟ್ಟಾಳ. ನನ್ನ ಬಿಡು ಈಗ, ಡಬ್ಬಿ ಆರ್ತಾವ."

"ಸೈರನ್ ಆಗೈತಿ. ನಿಮ್ಮಪ್ಪ ಬಂದ್ರೂ ಬಿಡಂಗಿಲ್ಲ, ಕೂಡು."

ಅವನು ನಗುತ್ತಾ ಕೂರುತ್ತಿದ್ದ. ಆದರೆ ಸೈರನ್ನಿಗೂ ಮದ್ದಿಗೂ ನಡುವಿನ ಆ ಬೀಡಿಯಷ್ಟು ಹೊತ್ತಿನಲ್ಲಿ, ಅವಳ ಕಾವಲಿನ ಆಚೆಯ ಇಳಿಜಾರಿನ ಕಾಲುದಾರಿಯಲ್ಲಿ ಮೊಪೆಡ್ಡು ನುಗ್ಗಿಸುವ ಚಾಳಿಯೂ ಅವನಿಗಿತ್ತು. ಎರಡು ಸಲ ಅವಳು ನೋಡಿ ನನ್ನ ಮೂಲಕ ಕೂಗಿ ಮದ್ದು ನಿಲ್ಲಿಸಿದ್ದಳು. ಸಂಜೆ ಅವನ ಮನೆಯ ಮುಂದೆ ನಿಂತು ಸುಂಕಮ್ಮನ ಎದುರಿಗೇ ಬೈದೂ ಬೈದಿದ್ದಳು. ಸುಂಕಮ್ಮ, "ಇನ್ನಷ್ಟು ಬೈ ನಮ್ಮವ್ವ, ನನ್ನ ಮಾತು ಕೇಳಂಗಿಲ್ಲ ಇದು" ಎಂದಿದ್ದಳು.

ಡೇನಿಯಲ್ ಸಾಹೇಬರು ನಿವೃತ್ತರಾದರು. ಅವರ ಕುರ್ಚಿಗೆ ಪರಮೇಶ್ವರ್ ಎಂಬವರು ಬಂದರು. ಕೆಟ್ಟ ಮನುಷ್ಯ ಎಂದು ನಾನು ಹೇಳಲಾರೆ. ಕೂಲಿಯವರ ಮನೆಗಳಿಗೆ ಹೊಸ ತಗಡು ಹಾಕಿಸಿದವರೂ ಅವರೇ. ಆದರೆ ಮಾನ ಎಂಬುದು ಅವರಿಗೆ ಚರ್ಮದ ಮೇಲೇ ಇತ್ತು, ಸ್ವಲ್ಪ ತಾಗಿದರೂ ಉರಿಯುತ್ತಿತ್ತು.

ಒಂದು ದಿನ ಧಣಿಗಳ ಕಡೆಯ ಅತಿಥಿಗಳು ಗಣಿ ನೋಡಲು ಬಂದರು. ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು ಪರಮೇಶ್ವರ್ ತಮ್ಮ ಸೆಟ್ಟು ತೋರಿಸಿ, "ಇಲ್ಲಿ ಕೂತು ಇಡೀ ಗಣಿ ನಡೆಸ್ತೀನಿ ನೋಡಿ" ಎಂದು ಗುಂಡಿ ಒತ್ತಿದರು. "ಎಲ್ಲರೂ ಕೇಳಿ, ನಾನು ಮ್ಯಾನೇಜರ್ ಮಾತಾಡ್ತಾ ಇದೀನಿ" ಎನ್ನುವಷ್ಟರಲ್ಲಿ ಅವರ ಮಾತನ್ನು ಕಡಿದುಕೊಂಡು ಹುಲಿಗೆಮ್ಮನ ದನಿ ಬಂತು.

"ಹೊನ್ನೂರಣ್ಣ ತಡಿ, ತಡಿ. ಎಮ್ಮಿ ಹೊಕ್ಕಾವ ದಾರ್ಯಾಗ. ನಾಕ್ ಎಮ್ಮಿ. ಓಡಿಸಿ ಹೇಳ್ತೀನಿ."

ಒಬ್ಬ ಅತಿಥಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. "ನಿಮ್ಮ ಗಣಿಯಲ್ಲಿ ಮ್ಯಾನೇಜರಿಗಿಂತ ಎಮ್ಮೆ ದೊಡ್ಡದು ಅನ್ನಿ" ಎಂದನಂತೆ. ಜೀಪಿನ ಡ್ರೈವರು ಇದನ್ನು ಸಂಜೆಯೊಳಗೆ ಗಣಿಗೆಲ್ಲ ಹಂಚಿದ. ಡಂಪರಿನವರು ಒಬ್ಬರಿಗೊಬ್ಬರು "ಎಮ್ಮಿ ಸಾಹೇಬ್ರು ಬಂದ್ರು" ಎಂದು ನಗುವುದು ನಮ್ಮ ಒಂದೇ ದಾರಿಯಲ್ಲಿ ಕೇಳಿಸಿತು. ಪರಮೇಶ್ವರರಿಗೂ ಕೇಳಿಸಿತು.

ಮರುವಾರವೇ ಖಾಜಾಸಾಬನಿಗೆ ಕರೆ ಹೋಯಿತು. ಸ್ಟೋರಿನ ಮೇಜಿನ ಮೇಲೆ ನಮ್ಮನ್ನೆಲ್ಲ ಸಾಲಾಗಿ ಮಲಗಿಸಿದ. ಪರಮೇಶ್ವರ್ ಪಕ್ಕದಲ್ಲಿ ನಿಂತು ಹೊಸ ಸರದಿ ಹೇಳಿದರು. ಧಣಿ ಮೊದಲು, ತಾವು ಎರಡನೆಯವರು, ಆಮೇಲೆ ಗೆಸ್ಟ್‌ಹೌಸು, ಆಮೇಲೆ ಎಂಜಿನಿಯರುಗಳು, ಹೀಗೆ ಸಂಬಳದ ಕ್ರಮದಲ್ಲಿ ಇಳಿಯುತ್ತಾ ಬಂತು.

"ಸಾರ್, ಕಾವಲಿನವ್ರು ಕಡೀಗೆ ಹೋಗ್ತಾರ" ಎಂದ ಖಾಜಾಸಾಬ.

"ಹೋಗಲಿ ಬಿಡ್ರಿ. ಎಮ್ಮೆ ಕಾಯೋರಿಗೆ ಏನು ಅವಸರ?"

ಖಾಜಾಸಾಬ ಸ್ವಲ್ಪ ಹೊತ್ತು ನನ್ನನ್ನು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ "ಸರಿ ಸಾರ್" ಎಂದು ಸರದಿ ಬದಲಿಸುವ ತಂತಿ ಚುಚ್ಚಿದ. ನನಗೇನೂ ನೋವಾಗಲಿಲ್ಲ. ಮೈ ಅದೇ, ದನಿ ಅದೇ, ಗುಂಡಿಯ ಮೇಲಿನ ಟಿಕಳಿಯೂ ಅದೇ. ಹಾಗಾಗಿಯೇ ನನ್ನನ್ನು ಮರಳಿ ಕೈಗೆ ತೆಗೆದುಕೊಂಡ ಹುಲಿಗೆಮ್ಮನಿಗೆ ಏನೂ ಬದಲಾಗಿದೆ ಎಂದು ತಿಳಿಯಲಿಲ್ಲ. ಸರದಿ ಬದಲಾಯಿತೆಂದು ಕಾವಲಿನವರಿಗೆ ಹೇಳಬೇಕು ಎಂದು ಯಾರಿಗೂ ಹೊಳೆಯಲೂ ಇಲ್ಲ.

ಅವಳಿಗೆ ಕೇಳಿಸಿದ್ದು ಆ "ಟೊಂಯ್" ಮಾತ್ರ. ಮೊದಲ ಸರದಿಯವಳಾಗಿದ್ದಾಗ ಆ ಸದ್ದನ್ನು ಅವಳು ಒಂದು ಸಲವೂ ಕೇಳಿದವಳಲ್ಲ. ಈಗ ಒತ್ತಿದಾಗಲೆಲ್ಲ ಒಂದಲ್ಲ ಒಂದು ಸಲ ಟೊಂಯ್. ನನ್ನನ್ನು ಅಂಗೈಗೆ ಬಡಿದಳು, ಬ್ಯಾಟರಿ ಬಿಚ್ಚಿ ಸೆರಗಿನಲ್ಲಿ ಒರೆಸಿ ಹಾಕಿದಳು. ಕೊನೆಗೆ ಸ್ಟೋರಿನ ಗುಮಾಸ್ತನ ಬಳಿ ಹೋದಳು.

"ಇದರ ಬ್ಯಾಟ್ರಿ ಕೆಟ್ಟೈತ್ರಿ. ಟೊಂಯ್ ಅಂತೈತಿ, ಮಾತು ಹೋಗವಲ್ದು."

"ಚಾರ್ಜ್ ಸರಿಯಾಗಿ ಹಾಕು. ನೆಟ್ಟಗ ಚಾರ್ಜ್ ಹಾಕಂಗಿಲ್ಲ, ಬ್ಯಾಟ್ರಿ ಅಂತ ಬ್ಯಾಟ್ರಿ" ಎಂದ ಅವನು ತಲೆ ಎತ್ತದೆ.

ಅಂದಿನಿಂದ ಅವಳು ಮನೆಗೆ ಹೋದೊಡನೆ ಮೊದಲು ನನ್ನನ್ನು ಚಾರ್ಜಿಗೆ ಇಟ್ಟು ಆಮೇಲೆ ಒಲೆ ಹಚ್ಚುತ್ತಿದ್ದಳು. ಬ್ಯಾಟರಿ ತುಂಬಿ ತುಳುಕಿದರೂ ನಾನು ಟೊಂಯ್ ಎನ್ನುತ್ತಿದ್ದೆ. ನಿನ್ನ ತಪ್ಪಲ್ಲ ತಾಯಿ ಎಂದು ಹೇಳಬೇಕೆಂದು ನನ್ನ ಒಳಗೆಲ್ಲ ಸಂಕಟ. ಆದರೆ ನಾವು ಬೇರೆಯವರ ಮಾತು ಹೊರುವವರು, ನಮ್ಮದೆಂಬ ಮಾತು ನಮಗಿಲ್ಲ.

ದೊಡ್ಡವರಿಗೆ ಮೊದಲ ಸರದಿ ಸಿಕ್ಕ ಮೇಲೆ ನಮ್ಮ ದಾರಿ ಅವರ ಹರಟೆಗೆ ಕಟ್ಟೆಯಾಯಿತು. ಗೆಸ್ಟ್‌ಹೌಸಿನ ಗೀಸರ್ ಕೆಟ್ಟದ್ದು, ಕಾರಿಗೆ ಡ್ರೈವರ್ ಬೇಕಾದದ್ದು, ಯಾರಿಗೋ ಕಾಫಿ, ಯಾರಿಗೋ ಎಳನೀರು. ಇದರ ನಡುವೆ ಹೊನ್ನೂರಪ್ಪ ಮೂರು ಕಾವಲಿನವರ ಹೆಸರು ಕೂಗಿ ಮೂರು ಉತ್ತರ ಪಡೆಯಬೇಕು. ಒಬ್ಬನ ಉತ್ತರ ಬಂದರೆ ಇನ್ನೊಬ್ಬಳದು ಕಡಿದುಹೋಗುತ್ತಿತ್ತು. ಮದ್ದು ಹೊಡೆಯುವುದು ದಿನವೂ ತಡವಾಯಿತು, ಡಂಪರುಗಳು ಸಾಲುಗಟ್ಟಿ ನಿಂತವು, ಪರಮೇಶ್ವರ್ ಹೊನ್ನೂರಪ್ಪನನ್ನು ಕರೆಸಿ ಕೂಗಾಡಿದರು. ಹೊನ್ನೂರಪ್ಪನೇ ಆಗ ಒಂದು ದಾರಿ ಕಂಡುಕೊಂಡ. ಹೆಸರು ಕೂಗುವುದನ್ನೇ ಬಿಟ್ಟ. "ಹೊಡೀತೀನ್ರಪ, ಯಾರದಾರ ಏನಾರ ಐತೇನು?" ಎಂದು ಒಮ್ಮೆ ಕೇಳುವುದು, ಒಂದು ಹತ್ತು ಎಣಿಸುವುದು, ಯಾರೂ ತಡೆಯದಿದ್ದರೆ ದಾರಿ ಖಾಲಿ ಎಂದುಕೊಂಡು ಒತ್ತುವುದು. ಸುಮ್ಮನಿದ್ದರೆ ದಾರಿ ಖಾಲಿ. ಕೆಲಸ ಬೇಗ ಮುಗಿಯತೊಡಗಿತು, ಎಲ್ಲರಿಗೂ ಖುಷಿಯಾಯಿತು. ಹುಲಿಗೆಮ್ಮನಿಗೂ ಆಯಿತು, ಟೊಂಯ್‌ನ ಕಾಟ ತಪ್ಪಿತಲ್ಲ ಎಂದು.

ಸೈರನ್ನಿಗೂ ಮದ್ದಿಗೂ ನಡುವೆ ಇದ್ದ ಆ ಬೀಡಿಯಷ್ಟು ಹೊತ್ತು ಹೀಗೆ ಇಲ್ಲವಾಯಿತು. ಅದನ್ನು ಗಾದಿಲಿಂಗ ಲೆಕ್ಕಕ್ಕೆ ಹಿಡಿಯಲಿಲ್ಲ. ಬುತ್ತಿ ಸಾಗಿಸಿ ವರ್ಷಗಟ್ಟಲೆ ಆಗಿದ್ದ ಅಭ್ಯಾಸ ಕಾಲಿಗೆ ಅಂಟಿಕೊಂಡಿತ್ತು.

ಆ ದಿನ ಧಣಿಗಳ ಅತಿಥಿಗಳು ಮತ್ತೆ ಬಂದಿದ್ದರು. ಅವರಿಗಾಗಿ ಗೆಸ್ಟ್‌ಹೌಸಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಮಟನ್ ಸಾರು ಆಗಿತ್ತು. ಗುಡ್ಡದ ಮೇಲೆ ಕೂತು ಉಣ್ಣಬೇಕೆಂದು ಅವರ ಆಸೆ. ಊಟ ತರುವ ಕೆಲಸ ಗಾದಿಲಿಂಗನದು. ಹಿಂದಿನ ರಾತ್ರಿ ಕಾಲನಿಯಲ್ಲಿ ಕರೆಂಟು ಹೋಗಿ ಬೆಳಗಿನ ಜಾವಕ್ಕೆ ಬಂದಿತ್ತು. ಬೆಳಿಗ್ಗೆ ಹುಲಿಗೆಮ್ಮ ನನ್ನನ್ನು ಚಾರ್ಜಿನಿಂದ ಕೀಳುವಾಗ, "ಎಷ್ಟು ತುಂಬೈತೋ ಏನೋ" ಎಂದು ಗೊಣಗಿದಳು. ನನ್ನಲ್ಲಿ ಸಾಕಷ್ಟಿತ್ತು. ಎರಡು ದಿನ ಮಾತಾಡಿದರೂ ಮುಗಿಯದಷ್ಟಿತ್ತು.

ಸೈರನ್ ಕೂಗಿ ಮುಗಿಯಿತು. ಹುಲಿಗೆಮ್ಮ ಬಾವುಟ ಅಡ್ಡ ಹಿಡಿದು ನಿಂತಳು. ದಾರಿಯಲ್ಲಿ ಯಾರೂ ಇರಲಿಲ್ಲ. ಆಗ ಆಚೆಯ ಇಳಿಜಾರಿನಿಂದ ಡಬ್ಬಿಗಳ ಸದ್ದು ಕೇಳಿತು. ತಿರುಗಿ ನೋಡಿದರೆ ಗಾದಿಲಿಂಗ, ಮೊಪೆಡ್ಡಿನ ತುಂಬ ಸ್ಟೀಲಿನ ಡಬ್ಬಿ, ಕಾಲುದಾರಿ ಹಿಡಿದು ನೆಟ್ಟಗೆ ಮದ್ದು ತುಂಬಿದ ಕಡೆಗೆ ಹೊರಟಿದ್ದ. ಅವಳು ಶಿಳ್ಳೆ ಊದಿದಳು. ಗಾಳಿ ಎದುರಿನದು, ಶಿಳ್ಳೆ ಅವಳ ಕಡೆಗೇ ಬಂತು. ಬಾವುಟ ಬೀಸಿದಳು. ಅವನು ಇತ್ತ ನೋಡಲಿಲ್ಲ.

"ಹೊಡೀತೀನ್ರಪ, ಯಾರದಾರ ಏನಾರ ಐತೇನು?" ಎಂದು ಹೊನ್ನೂರಪ್ಪನ ದನಿ ನನ್ನೊಳಗಿಂದ ಬಂತು.

ಅವಳ ಹೆಬ್ಬೆರಳು ಟಿಕಳಿಯ ಮೇಲೆ ಬೀಳುವುದಕ್ಕೆ ಒಂದು ಉಸಿರು ಮುಂಚೆ ಪರಮೇಶ್ವರ್ ಗುಂಡಿ ಒತ್ತಿದರು.

"ಗೆಸ್ಟ್‌ಹೌಸ್, ಊಟ ಎಲ್ರಿ? ಒಂದು ಗಂಟೆ ಮೇಲಾಯ್ತು, ಸಾಹೇಬ್ರು ಕಾಯ್ತಾ ಕೂತಿದಾರೆ. ಆ ಬುತ್ತಿಯವನು ಎಲ್ಲಿ ಸತ್ತ? ಮಟನ್ ಬಿಸಿ ಇರಬೇಕು ಅಂತ ಹೇಳಿದ್ನೋ ಇಲ್ವೋ..."

ಹುಲಿಗೆಮ್ಮ ಒತ್ತಿದಳು. "ನಿಲ್ಲಸ್ರೀ! ಮನಷ್ಯಾ ಅದಾನ, ಗಾದಿಲಿಂಗ ಅದಾನ, ನಿಲ್ಲಸ್ರೀ!"

ನಾನು ಟೊಂಯ್ ಎಂದೆ.

ಬಿಟ್ಟು ಮತ್ತೆ ಒತ್ತಿದಳು. ಟೊಂಯ್. ನನ್ನನ್ನು ತೊಡೆಗೆ ಬಡಿದು ಮತ್ತೆ ಒತ್ತಿದಳು. ಅವಳ ಮಾತು ನನ್ನ ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಆಚೆ ಪರಮೇಶ್ವರ್ ಇನ್ನೂ ಬುತ್ತಿಯವನನ್ನು ಬೈಯುತ್ತಿದ್ದರು. ಹೊನ್ನೂರಪ್ಪ ತನ್ನಷ್ಟಕ್ಕೆ ಹತ್ತು ಎಣಿಸಿದ. ಯಾವ ಕಾವಲಿನವರೂ ತಡೆಯಲಿಲ್ಲ. ಹುಲಿಗೆಮ್ಮ ನನ್ನನ್ನು ಎಸೆದು ಇಳಿಜಾರಿನ ಕಡೆ ಓಡಿದಳು.

ಕಲ್ಲಿನ ಮೇಲೆ ಬಿದ್ದುಕೊಂಡು ನಾನು ಗುಡ್ಡ ಮೈಮುರಿಯುವುದನ್ನು ಕೇಳಿದೆ. ಧೂಳು ಇಳಿಯುವ ತನಕ ಏನೂ ಕಾಣಲಿಲ್ಲ. ಆಮೇಲೆ ಒಂದು ಡಬ್ಬಿ ಉರುಳುತ್ತಾ ಬಂದು ನನ್ನ ಹತ್ತಿರವೇ ನಿಂತಿತು.

ಯಾರೋ ನನ್ನನ್ನು ಎತ್ತಿ ಸ್ಟೋರಿನ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ನನ್ನ ಸ್ವಿಚ್ ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಕತ್ತಲಲ್ಲಿ ಒಬ್ಬನೇ ಕೂತು ಯಾರಾದರೂ ಕರೆಯುತ್ತಾರೇನೋ ಎಂದು ಕೇಳುತ್ತಾ ಕೇಳುತ್ತಾ ನನ್ನ ಬ್ಯಾಟರಿ ಖಾಲಿಯಾಯಿತು. ವಿಚಾರಣೆಯ ದಿನ ಕಪಾಟು ತೆಗೆದು ನನ್ನನ್ನು ಮೇಜಿನ ಮೇಲೆ ಇಟ್ಟರು. ವಿಚಾರಣೆಗೆ ಬಂದ ಅಧಿಕಾರಿ ನನ್ನ ಗುಂಡಿ ಒತ್ತಿ ನೋಡಿದರು. ನಾನು ಮಿಸುಕಲಿಲ್ಲ.

"ಇದರಲ್ಲಿ ಚಾರ್ಜೇ ಇಲ್ಲವಲ್ಲ" ಎಂದರು.

ಹೊನ್ನೂರಪ್ಪ, "ನಾ ಕೇಳಿದೆ ಸಾರ್, ಯಾವ ಕಾವಲಿನವ್ರೂ ಬ್ಯಾಡ ಅನ್ನಲಿಲ್ಲ" ಎಂದು ಅಳುತ್ತಾ ಹೇಳಿದ. ಅದು ನಿಜ. ಉಳಿದ ಕಾವಲಿನವರು ಹುಲಿಗೆಮ್ಮನ ದನಿ ಬರಲಿಲ್ಲ ಎಂದರು. ಅದೂ ನಿಜ. ಪರಮೇಶ್ವರ್ ಕೂಡ ತಮಗೆ ಏನೂ ಕೇಳಿಸಲಿಲ್ಲ ಎಂದರು. ಅವರಿಗೆ ಕೇಳಿಸುವುದಾದರೂ ಹೇಗೆ? ಆ ಕೋಣೆಯಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಆದರೂ ಸತ್ಯ ಅಲ್ಲಿ ಇರಲಿಲ್ಲ.

"ಏನಮ್ಮ, ಹಿಂದಿನ ರಾತ್ರಿ ಚಾರ್ಜ್ ಹಾಕಿದ್ಯಾ?"

"ಹಾಕಿದ್ದೆ ಸಾರ್." ಹುಲಿಗೆಮ್ಮ ಸೆರಗಿನ ತುದಿ ಹಿಂಡುತ್ತಿದ್ದಳು. "ಕರೆಂಟ್ ಹೋಗಿತ್ತು. ತುಂಬಿತ್ತೋ ಇಲ್ಲೋ ನಾ ನೋಡಲಿಲ್ಲ."

ಅಷ್ಟು ಸಾಕಾಯಿತು. ಅವಳನ್ನು ಕೆಲಸದಿಂದ ತೆಗೆದರು, ಕಾಲನಿಯ ಮನೆ ಬಿಡಿಸಿದರು. ಅವಳು ಸಾಮಾನು ಕಟ್ಟುವ ದಿನ ಸುಂಕಮ್ಮ ಹೊಸಿಲ ಮೇಲೆ ನಿಂತು ಮಣ್ಣು ತೂರಿ ಶಾಪ ಹಾಕಿದಳಂತೆ. "ಒಂದು ಗುಂಡಿ ಒತ್ತಾಕ ಬರಲಿಲ್ಲೇನೇ ನಿನಗ? ನನ್ನ ಉಪ್ಪು ತಿಂದ ಕೈ ಅದು" ಎಂದಳಂತೆ. ಈ ಮಾತು ಡಂಪರಿನವರು ಆಡಿಕೊಂಡದ್ದು.

ಅದಾಗಿ ಸ್ವಲ್ಪ ದಿನಕ್ಕೆ ಖಾಜಾಸಾಬನಿಗೆ ಮತ್ತೆ ಕರೆ ಹೋಯಿತು. ಪರಮೇಶ್ವರ್ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದರು. ಮುಖ ಇಳಿದುಹೋಗಿತ್ತು. "ಹಳೆಯ ಕ್ರಮಕ್ಕೇ ಹಾಕಿಬಿಡಿ. ಕಾವಲಿನವರು ಮೊದಲು" ಎಂದರು. ಏಕೆಂದು ಹೇಳಲಿಲ್ಲ. ಖಾಜಾಸಾಬ ಕೇಳಲಿಲ್ಲ. "ಸರಿ ಸಾರ್" ಎಂದು ತಂತಿ ಚುಚ್ಚಿದ. ಆ ಕೋಣೆಯಲ್ಲಿ ಇಬ್ಬರಿಗೂ ಎಲ್ಲ ಅರ್ಥವಾಗಿತ್ತು.

ಮತ್ತೆ ನಾನು ಮೊದಲ ಸರದಿಯವನಾದೆ. ನನ್ನನ್ನು ಕೊಟ್ಟದ್ದು ಮಲ್ಲೇಶಿಯ ಕೈಗೆ. ಮಲ್ಲೇಶಿ ಗಾದಿಲಿಂಗನ ಮಗ; ಅಪ್ಪ ಸತ್ತದ್ದಕ್ಕೆ ಗಣಿಯವರು ಮಗನಿಗೆ ಕೊಟ್ಟ ಕೆಲಸ ಹುಲಿಗೆಮ್ಮನ ಕಾವಲು. ಒಳ್ಳೆಯ ಹುಡುಗ, ಮಾತು ಕಡಿಮೆ. ಟಿಕಳಿಯನ್ನು ಕೀಳಲು ಹೋಗಿ, ಗುಂಡಿ ತಡಕದೆ ಸಿಗುವುದು ನೋಡಿ ಬಿಟ್ಟ. ಹೊನ್ನೂರಪ್ಪ ಮತ್ತೆ ಒಂದೊಂದೇ ಹೆಸರು ಕೂಗತೊಡಗಿದ. "ಕಾಲನಿ ಕಡೆ?" ಎನ್ನುವಾಗ ಮಾತ್ರ ಅವನ ಗೊಗ್ಗರು ದನಿ ತಗ್ಗುತ್ತಿತ್ತು. ನಾನು ಅಲ್ಲಿ ಇದ್ದಷ್ಟು ಕಾಲ ಮಲ್ಲೇಶಿಯ ಮಾತನ್ನು ಯಾರೂ ಕಡಿಯಲಿಲ್ಲ.

ವರ್ಷಗಳು ಉರುಳಿದವು. ಹೊಸ ಸೆಟ್ಟುಗಳು ಬಂದವು. ನಮ್ಮನ್ನು ಮೂಟೆ ಕಟ್ಟಿ ಗುಜರಿಗೆ ಹಾಕುವಾಗ ಖಾಜಾಸಾಬ ಮೂಟೆಯನ್ನು ತಾನೇ ಕೊಂಡ. ಅಣ್ಣತಮ್ಮಂದಿರನ್ನೆಲ್ಲ ಬಿಚ್ಚಿ ಭಾಗ ಮಾಡಿದ. ನನ್ನನ್ನು ಬಿಚ್ಚಲಿಲ್ಲ. ಅಂಗಡಿಯ ಮೇಲಿನ ಹಲಗೆಯಲ್ಲಿ, ಹಳೆಯ ರೇಡಿಯೋಗಳ ನಡುವೆ ಇಟ್ಟ. ಆಗಾಗ ಕೆಲಸ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದ.

ಒಂದು ಮಧ್ಯಾಹ್ನ ಮೊಬೈಲು ಕೆಟ್ಟಿದೆ ಎಂದು ಒಬ್ಬ ಹೆಂಗಸು ಅಂಗಡಿಗೆ ಬಂದಳು. ಕೂದಲು ಬೆಳ್ಳಗಾಗಿತ್ತು, ಕಲ್ಯಾಣಮಂಟಪದಲ್ಲಿ ಪಾತ್ರೆ ತಿಕ್ಕಿ ಕೈ ಸೀಳಿತ್ತು. ಕತ್ತೆತ್ತಿ ಹಲಗೆ ನೋಡಿದವಳು ಹಾಗೇ ನಿಂತಳು.

"ಆ ಸೆಟ್ಟು ಇಳಸ್ರಿ."

ಖಾಜಾಸಾಬ ಇಳಿಸಿ ಕೊಟ್ಟ. ಅವಳ ಹೆಬ್ಬೆರಳು ತಾನಾಗಿ ಟಿಕಳಿಯ ಮೇಲೆ ಕೂತಿತು. ಅದರ ಬಣ್ಣ ಹೋಗಿ ಅಂಟು ಮಾತ್ರ ಉಳಿದಿತ್ತು.

"ಇದರಾಗ ಆವತ್ತು ಚಾರ್ಜ್ ಇದ್ದಿಲ್ಲ" ಎಂದಳು ಹುಲಿಗೆಮ್ಮ. "ನನ್ನ ಕೈಲೆ ಒಬ್ಬ ಮನಷ್ಯಾ ಹೋದ. ದಿನಾ ಮಲಗೋ ಮುಂದ ನೆನಪಾಗ್ತೈತಿ. ಹೊರಡೋ ಮುಂದ ಒಂದ್ಸಲ ಒತ್ತಿ ನೋಡಿದ್ರ ಆಗ್ತಿತ್ತು."

ಖಾಜಾಸಾಬ ಸ್ಟೂಲಿನಿಂದ ಎದ್ದ. ಕೂತ. ಮತ್ತೆ ಎದ್ದ.

"ಚಾರ್ಜ್ ಇತ್ತವ್ವ. ಟೊಂಯ್ ಅಂತಿತ್ತಲ್ಲ? ಚಾರ್ಜ್ ಇಲ್ಲದ್ದು ಟೊಂಯ್ ಅನ್ನಂಗಿಲ್ಲ, ಸುಮ್ಮನಿರ್ತೈತಿ. ಸಾಹೇಬ್ರು ಮಾತಾಡೋ ಮುಂದ ನಿನ್ನ ಸೆಟ್ಟು ಬಾಯಿ ತೆರಿಯಾಕ ಬರ್ತಿದ್ದಿಲ್ಲ. ಹಂಗ ಮಾಡ್ರಿ ಅಂದ್ರು, ನಾನೇ ಮಾಡಿದೆ. ಆಮ್ಯಾಲ ತಿರುಗಿ ಮೊದಲಿನಂಗ ಮಾಡ್ರಿ ಅಂದ್ರು, ಅದನ್ನೂ ನಾನೇ ಮಾಡಿದೆ. ನಿನಗ ಹೇಳಾಕ ಬಾಯಿ ಬರಲಿಲ್ಲ."

ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಮೊಬೈಲನ್ನು ಅಲ್ಲೇ ಮರೆತು ಬಸ್ ಸ್ಟ್ಯಾಂಡಿನ ಕಡೆ ಹೊರಟಳು. ಬಸ್ಸಿನಲ್ಲಿ ಇಡೀ ದಾರಿ ನನ್ನನ್ನು ಬಿಗಿಯಾಗಿ ಹಿಡಿದಿದ್ದಳು. ಕೂಸನ್ನು ತವರಿಗೆ ಕರೆದೊಯ್ಯುವವಳ ಹಾಗೆ ಒಳಗೊಳಗೇ ಅವಸರ ಅವಳಿಗೆ. ಸುಂಕಮ್ಮನಿಗೆ ಹೇಳಬೇಕು, ಅಷ್ಟೇ ಅವಳ ಮನಸ್ಸಿನಲ್ಲಿ ಇದ್ದದ್ದು.

ಸುಂಕಮ್ಮ ಅದೇ ಮನೆಯಲ್ಲಿ ಇದ್ದಳು. ಗೋಡೆಯ ಮೇಲೆ ಗಾದಿಲಿಂಗನ ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ ಹಾರ. ಹುಲಿಗೆಮ್ಮ ಹೊಸಿಲು ದಾಟದೆ ಹೊರಗೇ ನಿಂತು, ನನ್ನನ್ನು ತೋರಿಸಿ, ಖಾಜಾಸಾಬ ಹೇಳಿದ್ದನ್ನೆಲ್ಲ ತೊದಲುತ್ತಾ ಹೇಳಿದಳು. "ನಾ ಒತ್ತಿದ್ದೆ ಅಕ್ಕ. ಮೂರು ಸಲ ಒತ್ತಿದ್ದೆ. ನನ್ನ ಮಾತು ಹೊರಗ ಬೀಳಲಿಲ್ಲ, ಅಷ್ಟೇ."

ಸುಂಕಮ್ಮ ಅಕ್ಕಿ ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕೆ ಇಟ್ಟಳು.

"ಗೊತ್ತೈತಿ" ಎಂದಳು.

ಹುಲಿಗೆಮ್ಮನಿಗೆ ಅರ್ಥವಾಗಲಿಲ್ಲ.

"ಮಲ್ಲೇಶಿ ಕೆಲಸಕ್ಕ ಸೇರಿದ ಮೊದಲನೇ ವಾರ ಬಂದು ಅಂದ, ಅವ್ವ, ನನ್ನ ಸೆಟ್ಟಿಗೆ ಎಲ್ಲಾರಿಗಿಂತ ಮೊದಲ ಸರದಿ ಐತಿ, ಸಾಹೇಬ್ರು ಮಾತಾಡಿದ್ರೂ ಕಡಿತೈತಿ, ಈಗ ಹೊಸದಾಗಿ ಹಂಗ ಮಾಡ್ಯಾರ ಅಂದ. ಆವತ್ತೇ ತಿಳೀತು ನನಗ, ಮೊದಲು ಹೆಂಗಿತ್ತು ಅಂತ." ಸುಂಕಮ್ಮ ಕಣ್ಣು ಒರೆಸಿಕೊಳ್ಳಲಿಲ್ಲ, ತಗ್ಗಿಸಲೂ ಇಲ್ಲ. "ಬಾಯಿ ಬಿಟ್ಟಿದ್ರ ಅವನ ಕೆಲಸ ಹೋಗ್ತಿತ್ತು. ಗಂಡ ಹೋಗಿದ್ದ. ನೀ ಹೆಂಗೂ ಹೋಗಿದ್ದಿ."

ಹುಲಿಗೆಮ್ಮ ಚೌಕಟ್ಟು ಹಿಡಿದುಕೊಂಡಳು.

"ಮಣ್ಣು ತೂರಿದ್ಯಲ್ಲ ನೀನು" ಎಂದಳು, ದನಿಯೇ ಇಲ್ಲದ ಹಾಗೆ.

"ಅವಾಗ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲ ಎಲ್ಲಿಗಂತ ಬರ್ಲಿ? ಬಂದು ಏನಂತ ಹೇಳ್ಲಿ?"

ಹುಲಿಗೆಮ್ಮ ನನ್ನನ್ನು ಕಟ್ಟೆಯ ಮೇಲೆ ಇಟ್ಟಳು. "ಇಟ್ಟುಕೋ. ನಿನ್ನ ಮಗಂದು" ಎಂದಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಅವಳು ಕೂರಲಿಲ್ಲ. ಸುಂಕಮ್ಮ ಎದ್ದು ಬಾಗಿಲ ತನಕ ಬಂದಳು, ಕೂಗಿ ಕರೆಯುವವಳ ಹಾಗೆ ಬಾಯಿ ತೆರೆದಳು. ಏನೂ ಬರಲಿಲ್ಲ. ಹುಲಿಗೆಮ್ಮ ಕೆಂಪು ರಸ್ತೆಯ ತಿರುವಿನಲ್ಲಿ ಮರೆಯಾದಳು.

ಈಗ ನಾನು ಗಾದಿಲಿಂಗನ ಫೋಟೋದ ಕೆಳಗಿನ ಗೂಡಿನಲ್ಲಿ ಇದ್ದೇನೆ. ಸುಂಕಮ್ಮ ನನ್ನನ್ನು ಬಿಸಾಕಲಿಲ್ಲ. ದಿನಾ ದೀಪ ಹಚ್ಚುವಾಗ ನನ್ನ ಮೇಲಿನ ಧೂಳನ್ನೂ ಒರೆಸುತ್ತಾಳೆ. ಸೈರನ್ ಕೂಗಿದರೆ ಮೊರ ಬಿಟ್ಟು ಗೋಡೆಗೆ ಒರಗಿ ಕೂರುತ್ತಾಳೆ. ಒಂದೇ ದಾರಿಯಲ್ಲಿ ಮೊದಲು ಯಾರು, ಆಮೇಲೆ ಯಾರು ಎಂಬ ಜಗಳ ನಮ್ಮಂಥ ಯಂತ್ರಗಳದು ಎಂದುಕೊಂಡಿದ್ದೆ. ಅಲ್ಲ. ನನಗೆ ಸರದಿ ಕಟ್ಟಿದ್ದು ಒಂದು ತಂತಿ, ಇವಳಿಗೆ ಕಟ್ಟಿದ್ದು ಮಗನ ಅನ್ನ. ಇಬ್ಬರ ಗಂಟಲಲ್ಲೂ ಒಂದೇ ಹೆಂಗಸಿನ ಮಾತು ಸಿಕ್ಕಿಕೊಂಡಿತು.

ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಸುಂಕಮ್ಮ ನನ್ನನ್ನು ಎತ್ತಿಕೊಂಡಳು. ಟಿಕಳಿ ಇದ್ದ ಜಾಗವನ್ನು ಒತ್ತಿ, ನನ್ನನ್ನು ಬಾಯಿಯ ಹತ್ತಿರ ಹಿಡಿದು, "ಹುಲಿಗೆವ್ವ" ಎಂದಳು. ಗುಂಡಿ ಬಿಟ್ಟು, ಉತ್ತರಕ್ಕೆಂದು ಕಿವಿಗೆ ಇಟ್ಟುಕೊಂಡಳು. ನಾನು ಟೊಂಯ್ ಎಂದು ಕೂಡ ಅನ್ನಲಿಲ್ಲ.